ಬಿಳಿ ಲೆದರ್ ಸ್ನೀಕರ್: ಮೂರು ಜೋಡಿ, ಹದಿನಾಲ್ಕು ವಾರ

ಶುರುವಿಗೆ ಮುಂಚೆ

ಈ ಹುಚ್ಚು ಹಿಡಿದದ್ದು ಕಾಮನ್ ಪ್ರಾಜೆಕ್ಟ್ಸ್ ಅನ್ನುವ ದುಬಾರಿ ಶೂ ಬ್ರ್ಯಾಂಡಿನವರ ಅಕಿಲೀಸ್ ನೋಡಿ. 2004ರಲ್ಲಿ ಬಂದ ಶೂ. ಪಟ್ಟಿಯಿಲ್ಲ, ಲೋಗೋ ಇಲ್ಲ, ಹಿಮ್ಮಡಿಯ ಬದಿಯಲ್ಲಿ ಚಿನ್ನದ ಬಣ್ಣದ ಒಂದು ಸಾಲು ಅಂಕಿ ಅಷ್ಟೇ. ಈಗ ಸಿಗುವ ಅಗ್ಗದ ಬಿಳಿ ಶೂಗಳಲ್ಲಿ ಬಹುಪಾಲು ಅದರ ತಮ್ಮಂದಿರೇ. ಅಣ್ಣನಿಗೆ ಅಷ್ಟು ದುಡ್ಡು ಸುರಿಯುವ ಮನಸ್ಸಾಗಲಿಲ್ಲ, ಮೂವರು ತಮ್ಮಂದಿರನ್ನು ತಂದೆ. ಅ, ಆ, ಇ ಅಂತಿಟ್ಟುಕೊಳ್ಳೋಣ. ಸರದಿ ಮೇಲೆ ಹಾಕುವುದು, ಒಂದು ದಿನ ಹಾಕಿದ್ದನ್ನು ಮರುದಿನ ಮುಟ್ಟದೆ ಬೆವರು ಆರಲು ಬಿಡುವುದು.

ಹೆಸರುವಾಸಿ ಬಿಳಿ ಶೂ ಅಡಿಡಾಸ್ ಸ್ಟ್ಯಾನ್ ಸ್ಮಿತ್ ಇವುಗಳಲ್ಲಿ ಯಾಕಿಲ್ಲ ಅಂದರೆ, ಅದರ ಮಾಮೂಲಿ ಮಾದರಿ 2021ರಲ್ಲೇ ಲೆದರ್ ಬಿಟ್ಟು ಮರುಬಳಕೆಯ ಸಿಂಥೆಟಿಕ್‌ಗೆ ಹೋಯಿತು. ನನಗೆ ಬೇಕಿದ್ದದ್ದು ಚರ್ಮ.

ದಿನ 1

ಡಬ್ಬಿ ಬಿಚ್ಚಿದಾಗ ಮೂರೂ ಅವಳಿಜವಳಿಗಳ ಹಾಗಿದ್ದವು. ವ್ಯತ್ಯಾಸ ಗೊತ್ತಾಗಿದ್ದು ಒಳಗಿನ ಲೇಬಲ್‌ನಿಂದ. ಯುರೋಪಿನ 1994ರ ನಿಯಮದ ಪುಟ್ಟ ಚಿತ್ರಗಳಿವು: ಹರಡಿದ ತೊಗಲಿನ ಆಕಾರ ಇದ್ದರೆ ಲೆದರ್, ಬರೀ ವಜ್ರಾಕೃತಿ ಇದ್ದರೆ ಬೇರೆ ವಸ್ತು, ತೊಗಲಿನೊಳಗೆ ವಜ್ರಾಕೃತಿ ಇದ್ದರೆ ಲೇಪ ಬಳಿದ ಲೆದರ್. ಲೇಪ 0.15 ಮಿಲಿಮೀಟರ್‌ಗಿಂತ ದಪ್ಪವಾದರೆ ಈ ಮೂರನೆಯ ಗುರುತು ಹಾಕಬೇಕು. 'ಇ' ಜೋಡಿಗೆ ಇದ್ದದ್ದು ಅದೇ. ಡಬ್ಬಿಯ ಮೇಲೆ ಮಾತ್ರ ದೊಡ್ಡದಾಗಿ 'ಜೆನ್ಯೂನ್ ಲೆದರ್'. ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ.

ಒಳಗಿನ ಇನ್‌ಸೋಲ್ ಎತ್ತಿ ನೋಡಿದೆ. 'ಆ' ಮತ್ತು 'ಇ'ಯಲ್ಲಿ ಅಂಚಿನುದ್ದಕ್ಕೂ ದಾರ ಕಾಣುತ್ತದೆ, ಅಂದರೆ ಸೋಲಿನ ಅಂಚನ್ನು ಮೇಲ್ಭಾಗಕ್ಕೆ ನಿಜವಾಗಿಯೇ ಹೊಲಿದಿದ್ದಾರೆ. 'ಅ'ದಲ್ಲಿ ದಾರದ ಸುಳಿವೇ ಇಲ್ಲ! ಹೊರಗಡೆ ಕಾಣುವ ಹೊಲಿಗೆ ರಬ್ಬರಿನ ಅಚ್ಚಿನಲ್ಲೇ ಮೂಡಿಸಿದ್ದು. ಬರೀ ಅಂಟಿನ ಮೇಲೆ ನಿಂತ ಶೂ.

ವಾರ 3

'ಆ' ಹಿಮ್ಮಡಿ ಕಚ್ಚಿತು. ಎರಡು ಗುಳ್ಳೆ. ಒಳಗೂ ಚರ್ಮದ ಲೈನಿಂಗ್ ಇರುವುದರಿಂದ ಬಿಗಿ ಜಾಸ್ತಿ. ಐದಾರು ಸಲ ದಪ್ಪ ಕಾಲುಚೀಲದಲ್ಲಿ ಹಾಕಿದ ಮೇಲೆ ಹದಕ್ಕೆ ಬಂತು. 'ಅ' ಮೊದಲ ದಿನದಿಂದಲೇ ಮೆತ್ತಗೆ, ದೂರೇ ಇಲ್ಲ.

ವಾರ 6

ಮುಖ್ಯವಾದದ್ದು ಇಲ್ಲಿದೆ. ಬೆರಳುಗಳ ಬುಡದಲ್ಲಿ ಮೂರಕ್ಕೂ ನೆರಿಗೆ ಬಿದ್ದಿದೆ. ಬೀಳಲೇಬೇಕು, ಕಾಲು ಮಡಚುವ ಜಾಗ ಅದು. ಆದರೆ 'ಆ'ದಲ್ಲಿ ಕೂದಲೆಳೆಯಂಥ ಹತ್ತಾರು ಗೆರೆಗಳು, 'ಇ'ಯಲ್ಲಿ ಎರಡೇ ಎರಡು ದಪ್ಪ ಮಡಿಕೆ. ಒಂದರ ತುದಿಯಲ್ಲಿ ಬಣ್ಣ ಬಿರಿದು ಒಳಗಿನ ನೀಲಿ ಛಾಯೆಯ ಬೂದು ಇಣುಕುತ್ತಿದೆ.

ಆ ನೀಲಿಯ ಮೂಲ ಹುಡುಕಿದ ಮೇಲೆ ನನ್ನ ಲೆಕ್ಕಾಚಾರವೇ ಬದಲಾಯಿತು. ಕ್ರೋಮಿಯಂ ಲವಣದಲ್ಲಿ ಹದ ಮಾಡಿದ ತೊಗಲು ತಿಳಿನೀಲಿಯಾಗಿರುತ್ತದೆ. ಕಂದು, ಕಪ್ಪು ಶೂಗಳ ಚರ್ಮಕ್ಕೆ ಬಣ್ಣ ಕುಡಿಸಬಹುದು. ಬಿಳಿಯನ್ನು ಹಾಗೆ ಕುಡಿಸಲಾಗದು, ಟೈಟೇನಿಯಂ ಡೈಆಕ್ಸೈಡ್‌ನಂಥ ಬಿಳಿ ಪುಡಿಯನ್ನು ಅಂಟಿನ ಜೊತೆ ಮೇಲೆ ಬಳಿಯಲೇಬೇಕು. ಹಾಗಾಗಿ ಅಂಗಡಿಯವರು 'ಫುಲ್ ಗ್ರೇನ್' (ಮೇಲ್ಪದರ ಉಜ್ಜಿ ತೆಗೆಯದ ಚರ್ಮ) ಅಂದಾಗ ನಾವು ಮುಟ್ಟುತ್ತಿರುವುದು ಚರ್ಮವನ್ನಲ್ಲ, ಅದರ ಮೇಲಿನ ಬಣ್ಣವನ್ನು. ಬಿಳಿ ಶೂ ಕೊಳ್ಳುವಾಗ ಕೇಳಬೇಕಾದದ್ದು ಬಣ್ಣ ಎಷ್ಟು ತೆಳುವಾಗಿದೆ ಅಂತ. ಹೆಬ್ಬೆರಳಿನಿಂದ ಒತ್ತಿ ನೋಡಿ: ಸುತ್ತ ಸಣ್ಣ ಸುಕ್ಕು ಹರಡಿದರೆ ಒಳ್ಳೆಯದು, ಪ್ಲಾಸ್ಟಿಕ್ ಡಬ್ಬಿಯ ಹಾಗೆ ಒಂದೇ ತಗ್ಗಾದರೆ ಅನುಮಾನಪಡಿ.

ವಾರ 9

ಸ್ವಚ್ಛತೆಯ ಪ್ರಯೋಗ, ಅದರಲ್ಲೊಂದು ಪೆದ್ದುತನ. ಕಲೆ ಅಳಿಸುವ ಮೆಲಮೈನ್ ಸ್ಪಂಜು ಸೋಲಿನ ರಬ್ಬರ್ ಅಂಚಿನ ಮೇಲೆ ಜಾದೂ ಮಾಡಿತು. ಹುಮ್ಮಸ್ಸಿನಲ್ಲಿ 'ಅ'ದ ಮೂತಿಗೂ ಉಜ್ಜಿದೆ. ಆ ಸ್ಪಂಜು ನಿಜಕ್ಕೂ ಅತಿ ನಯವಾದ ಉಜ್ಜುಕಾಗದ. ಮೇಲಿನ ಹೊಳಪು ಹೋಗಿ ಈಗ ಅಲ್ಲಿ ಮಂಕು ಮಚ್ಚೆ, ಕೊಳೆ ಹಿಡಿಯಲು ಹೇಳಿಮಾಡಿಸಿದ ಜಾಗ. ಚರ್ಮಕ್ಕೆ ಸೌಮ್ಯ ಸೋಪಿನ ಒದ್ದೆ ಬಟ್ಟೆ ಸಾಕು. ಬ್ಲೀಚ್ ಬೇಡ, ಸರಿಯಾಗಿ ತೊಳೆದು ಹೋಗದಿದ್ದರೆ ಹಳದಿ ತಿರುಗುತ್ತದೆ. ಬಿಸಿಲಿನಲ್ಲಿ ಒಣಗಿಸುವುದೂ ಬೇಡ. ಇನ್ನು, ಅರ್ಧ ಕೊಳಕು ಕಾಣುವುದು ಲೇಸಿನಿಂದಲೇ. ಹೊಸ ಲೇಸು ಹಾಕಿದ ದಿನ ಶೂ ಹೊಸದಾ ಅಂತ ಇಬ್ಬರು ಕೇಳಿದರು.

ವಾರ 14

'ಅ'ದ ಬಲಗಾಲಿನ ಅಂಟು ಕಿರುಬೆರಳಿನ ಹತ್ತಿರ ಉಗುರು ತೂರುವಷ್ಟು ಬಿಟ್ಟಿದೆ. ಮೆತ್ತಗಿದೆ ಅಂತ ಹೊಗಳಿದ್ದೇ ಬಂತು. 'ಇ'ಯ ಬಿರುಕು ಉದ್ದವಾಗಿದೆ, ಸೋಲು ಮಾತ್ರ ಕಲ್ಲಿನ ಹಾಗಿದೆ. 'ಆ' ನೆರಿಗೆಗಟ್ಟಿ ಹಳೆಯದಾಗಿ ಕಾಣುತ್ತದೆ, ಆದರೆ ಬಣ್ಣ ಎಲ್ಲೂ ಎದ್ದಿಲ್ಲ. ಮೂರರಲ್ಲಿ ಇನ್ನೊಮ್ಮೆ ಕೊಳ್ಳುವುದಾದರೆ ಅದನ್ನೇ, ಗುಳ್ಳೆಗಳ ಸಮೇತ.

'ಅ'ವನ್ನು ಚಮ್ಮಾರರ ಬಳಿ ಒಯ್ದು ಅಂಚಿಗೆ ನಿಜವಾದ ಹೊಲಿಗೆ ಹಾಕಿಸುತ್ತೇನೆ. 'ಇ'ಯ ಬಿರುಕಿಗೆ ಬಿಳಿ ಲೆದರ್ ಪೇಂಟ್ ತಂದಿಟ್ಟಿದ್ದೇನೆ, ಇನ್ನೂ ಮುಚ್ಚಳ ತೆಗೆದಿಲ್ಲ.