ತೊಳೆದ ಮೇಲೆ ಅಂಟು ಬಿಡುವುದೇಕೆ: ಸೂಕ್ಷ್ಮ ಉಪಕರಣಗಳ ನೀರಿನ ಕ್ಲೀನಿಂಗ್

ತಿರುಗುವ ಕೋನ ಅಳೆಯುವ ಎನ್‌ಕೋಡರಿನ ಗಾಜಿನ ಬಿಲ್ಲೆ, ತೂಕ ಅಳೆಯುವ ಲೋಡ್‌ಸೆಲ್ಲಿನ ಸ್ಟ್ರೇನ್ ಗೇಜ್ (ಲೋಹದ ಹಿಗ್ಗು-ಕುಗ್ಗು ಹಿಡಿಯುವ ತೆಳು ಪಟ್ಟಿ), ಪುಟ್ಟ ಮೋಟಾರಿನ ಆಯಸ್ಕಾಂತ ಇವೆಲ್ಲ ನಿಂತಿರುವುದು ಅಂಟಿನ ಮೇಲೆ. ಸಾಲ್ವೆಂಟ್ (ರಾಸಾಯನಿಕ ದ್ರಾವಕ) ಬಿಟ್ಟು ನೀರಿನ ಕ್ಲೀನರಿಗೆ ಬದಲಾಯಿಸುವ ಮೊದಲು ಯಾವ ಭಾಗದಲ್ಲಿ ಯಾವ ಅಂಟಿದೆ ಎಂದು ಪಟ್ಟಿ ಮಾಡಿಕೊಳ್ಳಿ.

ಎಪಾಕ್ಸಿ ಎಂಬ ರಾಳದ ಅಂಟು ನೀರಿನಲ್ಲಿ ಕರಗುವುದಿಲ್ಲ, ಆದರೆ ನೀರನ್ನು ಹೀರಿಕೊಳ್ಳುತ್ತದೆ. ಬಗೆಯನ್ನು ಅವಲಂಬಿಸಿ ತೂಕದ ಶೇ 1ರಿಂದ 5ರವರೆಗೆ. ಹೀರಿದಷ್ಟೂ ಉಬ್ಬಿ ಮೆತ್ತಗಾಗುತ್ತದೆ. ಒಣಗಿಸಿದರೆ ಇದು ಬಹುಮಟ್ಟಿಗೆ ಸರಿಹೋಗುತ್ತದೆ. ನಿಜವಾದ ಹಾನಿ ಅಂಟೂ ಲೋಹವೂ ಕೂಡುವ ಗೆರೆಯಲ್ಲಿ. ಲೋಹದ ಆಕ್ಸೈಡ್ ಪದರ ನೀರನ್ನು ಬಲವಾಗಿ ಹಿಡಿದುಕೊಳ್ಳುವುದರಿಂದ, ಅಂಚಿನಿಂದ ನುಸುಳಿದ ನೀರು ಅಂಟನ್ನು ಸರಿಸಿ ಅದರ ಜಾಗದಲ್ಲಿ ಕೂರುತ್ತದೆ. ಕ್ಲೀನರಿನಲ್ಲಿರುವ ಸೋಪಿನಂಥ ವಸ್ತು, ಅಂದರೆ ಸರ್ಫ್ಯಾಕ್ಟಂಟ್, ನೀರಿನ ಮೇಲ್ಮೈ ಎಳೆತವನ್ನು ಮೀಟರಿಗೆ 72 ಮಿಲಿನ್ಯೂಟನ್‌ನಿಂದ ಸುಮಾರು 30ಕ್ಕೆ ಇಳಿಸುತ್ತದೆ. ಬರಿ ನೀರು ಹೋಗದ ಸಂದಿಗೂ ಅದು ಹೋಗುವುದು ಹಾಗಾಗಿ.

ಅಲ್ಯೂಮಿನಿಯಂ ಇದ್ದರೆ ಕ್ಷಾರದ ಬಗ್ಗೆ ಇನ್ನಷ್ಟು ಎಚ್ಚರ ಬೇಕು. ಪಿಎಚ್ 9 ದಾಟಿದರೆ ಆಕ್ಸೈಡ್ ಪದರವೇ ಕರಗತೊಡಗುತ್ತದೆ. ಅಂಟು ಗಟ್ಟಿಯಾಗಿಯೇ ಇರುತ್ತದೆ, ಅದರ ಕೆಳಗಿನ ನೆಲ ಕೊಚ್ಚಿಹೋಗಿರುತ್ತದೆ. ಸೈನೊಅಕ್ರಿಲೇಟ್ (ಸೂಪರ್ ಗ್ಲೂ) ಅಂಟಿಗೆ ಬಿಸಿ ಕ್ಷಾರದ ನೀರು ಬೇಡವೇ ಬೇಡ.

ಎಲ್ಲರೂ ಎಡವುವುದು ಬಿಸಿಯ ವಿಷಯದಲ್ಲಿ. ಕೋಣೆಯ ತಾಪದಲ್ಲಿ ಗಟ್ಟಿಯಾಗುವ ಎರಡು ಭಾಗದ ಎಪಾಕ್ಸಿಗಳಲ್ಲಿ ಹಲವು 50–60 ಡಿಗ್ರಿ ಸೆಲ್ಸಿಯಸ್‌ಗೇ ಮೆತ್ತಗಾಗುತ್ತವೆ. ನೆನೆದಾಗ ಆ ಮಿತಿ ಮತ್ತೂ ಇಳಿಯುತ್ತದೆ. ಅದೇ ಭಾಗವನ್ನು 60 ಡಿಗ್ರಿಯ ಅಲ್ಟ್ರಾಸಾನಿಕ್ ತೊಟ್ಟಿಗೆ (ಕಿವಿಗೆ ಕೇಳದ ಕಂಪನದಿಂದ ಗುಳ್ಳೆಗಳೆಬ್ಬಿಸಿ ತೊಳೆಯುವುದು) ಹಾಕಿದರೆ ಬಿಲ್ಲೆ ಕೆಲವು ಮೈಕ್ರಾನ್ ಜಾರಿ ಅಲ್ಲೇ ಕೂತುಬಿಡುತ್ತದೆ. ಕಣ್ಣಿಗೆ ಕಾಣದು, ರೀಡಿಂಗಿನಲ್ಲಿ ಕಾಣುತ್ತದೆ.

ನಮ್ಮ ಶಿಫಾರಸು ಇಷ್ಟು. ಅಂಟಿನ ಡೇಟಾಶೀಟಿನಲ್ಲಿರುವ ಗಾಜು ಪರಿವರ್ತನೆ ತಾಪಮಾನಕ್ಕಿಂತ (ಗಟ್ಟಿ ಅಂಟು ಮೆತ್ತಗಾಗುವ ತಾಪ) ತೊಟ್ಟಿ ಕನಿಷ್ಠ 20 ಡಿಗ್ರಿ ಕಡಿಮೆ ಇರಲಿ, ಪಿಎಚ್ 7–8ರ ಕ್ಲೀನರ್ ಬಳಸಿ, ಮುಳುಗಿಸುವುದು ಮೂರು ನಿಮಿಷ ಮೀರದಿರಲಿ. ಅಲ್ಟ್ರಾಸಾನಿಕ್ ಬೇಕೇಬೇಕಾದರೆ 40ಕ್ಕಿಂತ 80 ಕಿಲೋಹರ್ಟ್ಸ್ ಮೇಲು, ಅದರ ಗುಳ್ಳೆಗಳು ಚಿಕ್ಕವು, ಅಂಟಿನ ಅಂಚಿಗೆ ಪೆಟ್ಟು ಕಡಿಮೆ. ಡಿಅಯಾನೈಸ್ಡ್ (ಲವಣ ತೆಗೆದ) ನೀರಿನಲ್ಲಿ ಎರಡು ಸಲ ಜಾಲಿಸಿ. ಉಳಿದ ಲವಣ ಆಮೇಲೂ ತೇವ ಎಳೆಯುತ್ತಲೇ ಇರುತ್ತದೆ. ಗಾಳಿ ಊದಿದರೆ ಮೇಲಿನ ನೀರಷ್ಟೇ ಹೋಗುತ್ತದೆ, ಆದ್ದರಿಂದ ಅಂಟು ಆ ಬಿಸಿಯನ್ನು ತಾಳುವುದಾದರೆ 45–50 ಡಿಗ್ರಿಯಲ್ಲಿ ನಾಲ್ಕು ಗಂಟೆ ಒಣಗಿಸಿ. ವ್ಯಾಕ್ಯೂಮ್ ಓವನ್ ಇದ್ದರೆ ಇನ್ನೂ ಒಳ್ಳೆಯದು. ಸ್ಟ್ರೇನ್ ಗೇಜನ್ನು ಮುಳುಗಿಸಲೇಬೇಡಿ, ಒರೆಸಿ ಸಾಕು.

ತಪಾಸಣೆ ತೊಳೆದ ದಿನವೇ ಮುಗಿಯಬಾರದು, ವಾರದ ನಂತರ ಮತ್ತೆ ನೋಡಿ. ಗಾಜಿನ ಬಿಲ್ಲೆಯನ್ನು 20 ಪಟ್ಟು ಹಿಗ್ಗಿಸಿ, ದೀಪಕ್ಕೆ ಓರೆಯಾಗಿ ಹಿಡಿಯಿರಿ. ಅಂಟಿನ ಅಂಚು ಹಾಲುಬಿಳುಪಾಗಿದ್ದರೆ ನೀರು ಇಳಿದಿದೆ. ಕಾಮನಬಿಲ್ಲಿನ ಬಣ್ಣದ ಉಂಗುರಗಳು ಕಂಡರೆ ಅಂಟು ಗಾಜಿನಿಂದ ಬಿಟ್ಟಿದೆ. ಹೊಸ ಕ್ಲೀನರ್ ಒಪ್ಪುವ ಮುನ್ನ ಅದೇ ಅಂಟಿನಿಂದ ಜೋಡಿಸಿದ ಐದು ಲೋಹದ ಪಟ್ಟಿ-ಜೋಡಿಗಳನ್ನು ಹತ್ತು ಸಲ ತೊಳೆದು ಒಣಗಿಸಿ, ಬಿಡುವವರೆಗೂ ಎಳೆದು ನೋಡಿ. ಎರಡೂ ಮುಖದಲ್ಲಿ ಅಂಟು ಉಳಿದರೆ ಜೋಡಣೆ ಗಟ್ಟಿ. ಒಂದು ಮುಖ ಬರಿ ಲೋಹವಾಗಿ ಹೊಳೆದರೆ, ಬಲದ ಅಂಕಿ ಎಷ್ಟೇ ಚೆನ್ನಾಗಿರಲಿ, ಆ ಕ್ಲೀನರ್ ಬೇಡ.