ಅಲ್ಬೇನಿಯಾ ಕರೆಯದೇ ಬಿಟ್ಟ 5ನೇ ವಿಧಿ

2022ರ ಜುಲೈ 15, ಶುಕ್ರವಾರ. ಸೈಬರ್ ದಾಳಿಗೆ ಸಿಕ್ಕ ಅಲ್ಬೇನಿಯಾ ಸರ್ಕಾರದ ಸರ್ವರುಗಳಲ್ಲಿ ಕಡತಗಳು ಒಂದರ ಹಿಂದೆ ಒಂದು ತೆರೆಯದಂತಾದವು. ಅದಕ್ಕೆ ಎರಡೂವರೆ ತಿಂಗಳ ಹಿಂದೆ, ಮೇ 1ರಿಂದ, ಆ ದೇಶ ಬಹುಪಾಲು ಸರ್ಕಾರಿ ಸೇವೆಗಳ ಕೌಂಟರುಗಳನ್ನು ಮುಚ್ಚಿ ಎಲ್ಲವನ್ನೂ 'ಇ-ಅಲ್ಬೇನಿಯಾ' ಎಂಬ ಒಂದೇ ಪೋರ್ಟಲ್‌ಗೆ ತಂದಿತ್ತು. ಈಗ ಪೋರ್ಟಲ್ಲನ್ನೂ ನಿಲ್ಲಿಸಬೇಕಾಯಿತು. ಜನರಿಗೆ ವಾಪಸ್ ಹೋಗಿ ನಿಲ್ಲಲು ಹಳೆಯ ಕೌಂಟರೂ ಇರಲಿಲ್ಲ.

ಅಲ್ಬೇನಿಯಾ 2009ರಿಂದ ನ್ಯಾಟೊ ಎಂಬ ಸೇನಾ ಮೈತ್ರಿಕೂಟದ ಸದಸ್ಯ. ಒಬ್ಬರ ಮೇಲೆ ಸಶಸ್ತ್ರ ದಾಳಿಯಾದರೆ ಎಲ್ಲರ ಮೇಲೂ ಆದಂತೆ ಎನ್ನುವ, ನ್ಯಾಟೊ ಒಪ್ಪಂದದ 5ನೇ ವಿಧಿ ಅದಕ್ಕೂ ಅನ್ವಯಿಸುತ್ತದೆ. ಪ್ರಧಾನಿ ಎಡಿ ರಾಮಾ ಆ ವಿಧಿಯ ಮೊರೆ ಹೋಗುವ ಬಗ್ಗೆ ಯೋಚಿಸಿದ್ದು ನಿಜ, ಹೋಗಲಿಲ್ಲ. ಅವರು ಹೋಗದೇ ಇದ್ದದ್ದು ಸರಿ ಎಂದೇ ನನ್ನ ಅಭಿಪ್ರಾಯ. ಸೈಬರ್ ದಾಳಿಯ ವಿಷಯದಲ್ಲಿ ಸೇನಾ ಮೈತ್ರಿಕೂಟದಿಂದ ಆಗುವ ನಿಜವಾದ ಉಪಯೋಗ ಆ ವಿಧಿಯಲ್ಲಿಲ್ಲ. ಅದಕ್ಕಿಂತ ಬಹಳ ಕೆಳಗೆ, ಯಂತ್ರದಲ್ಲಿ ನಡೆದದ್ದನ್ನು ದಾಖಲಿಸುವ ಲಾಗ್ ಕಡತಗಳಲ್ಲಿ, ತಂತ್ರಾಂಶದ ದೋಷ ಮುಚ್ಚುವ ಪ್ಯಾಚ್ ಹಾಕುವ ವೇಳಾಪಟ್ಟಿಯಲ್ಲಿ, ಒಂದು ದೇಶದ ತಂತ್ರಜ್ಞರು ಇನ್ನೊಂದು ದೇಶದ ಜಾಲದೊಳಗೆ ಕೂತು ಕೆಲಸ ಮಾಡಲು ಮಾಡಿಕೊಂಡ ಕಾಗದಪತ್ರಗಳಲ್ಲಿದೆ.

ಮೊದಲು ಆ ವಿಧಿಯನ್ನೇ ನೋಡೋಣ. ಅದನ್ನು ಒಮ್ಮೆ ಕರೆದರೆ ಎಲ್ಲ ಸೇನೆಗಳೂ ಹೊರಡುತ್ತವೆ ಎಂಬ ಭಾವನೆ ಬಹಳ ಜನರಲ್ಲಿದೆ. ವಿಧಿಯಲ್ಲಿ ಹಾಗಿಲ್ಲ. ಪ್ರತಿ ಸದಸ್ಯ ದೇಶ ತನಗೆ ಅಗತ್ಯವೆಂದು ತೋರಿದ ಕ್ರಮವನ್ನು ಕೈಗೊಳ್ಳಬೇಕು, ಸೇನಾ ಬಲದ ಬಳಕೆಯೂ ಅದರಲ್ಲಿ ಸೇರಬಹುದು, ಅಷ್ಟೇ. ಈವರೆಗೆ ಅದನ್ನು ಕರೆದದ್ದು ಒಂದೇ ಸಲ, 2001ರ ಸೆಪ್ಟೆಂಬರ್ 11ರ ದಾಳಿಯ ನಂತರ. ಸೈಬರ್ ದಾಳಿಯೂ ಈ ವಿಧಿಯಡಿ ಬರಬಹುದು ಎಂದು ನ್ಯಾಟೊ ಹೇಳಿದ್ದು 2014ರ ವೇಲ್ಸ್ ಶೃಂಗಸಭೆಯಲ್ಲಿ. 2016ರಲ್ಲಿ ವಾರ್ಸಾದಲ್ಲಿ ನೆಲ, ಜಲ, ವಾಯುವಿನ ಜೊತೆಗೆ ಸೈಬರ್ ಲೋಕವನ್ನೂ ಕಾರ್ಯಾಚರಣೆಯ ಕ್ಷೇತ್ರವೆಂದು ಒಪ್ಪಿಕೊಂಡರು. 2021ರಲ್ಲಿ ಬ್ರಸೆಲ್ಸ್‌ನಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಸಣ್ಣ ಸಣ್ಣ ದಾಳಿಗಳು ಒಟ್ಟುಗೂಡಿದರೂ ಕೆಲವು ಸಂದರ್ಭಗಳಲ್ಲಿ ಸಶಸ್ತ್ರ ದಾಳಿಗೆ ಸಮವಾಗಬಹುದು ಎಂದರು.

ಯಾವ ಸಂದರ್ಭ, ಎಷ್ಟು ನಷ್ಟ, ಎಷ್ಟು ಸಾವು? ಅದನ್ನು ಎಲ್ಲೂ ಬರೆದಿಲ್ಲ, ಬೇಕೆಂದೇ ಬರೆದಿಲ್ಲ. ಗೆರೆ ಎಲ್ಲಿದೆ ಎಂದು ಹೇಳಿಬಿಟ್ಟರೆ ಎದುರಾಳಿ ಅದಕ್ಕೆ ಒಂದು ಗೇಣು ಈಚೆ ನಿಂತು ಹೊಡೆಯುತ್ತಾನೆ. ಹೇಳದಿದ್ದರೆ ಅನುಮಾನವಾದರೂ ಉಳಿಯುತ್ತದೆ. ಆದರೆ ಈ ಮೌನಕ್ಕೂ ಬೆಲೆ ತೆರಬೇಕು. ಪ್ರತಿ ಸಲ ಹೊಡೆದು ಏನೂ ಆಗದಿದ್ದಾಗ, ಗೆರೆ ತಾನು ಅಂದುಕೊಂಡದ್ದಕ್ಕಿಂತ ಆಚೆಗಿದೆ ಎಂದು ಎದುರಾಳಿ ಕಲಿಯುತ್ತಾ ಹೋಗುತ್ತಾನೆ.

ಎಸ್ಟೋನಿಯಾದಲ್ಲಿ ಇದು 2007ರಲ್ಲೇ ಗೊತ್ತಾಗಿತ್ತು. ರಾಜಧಾನಿ ತಾಲಿನ್‌ನಲ್ಲಿದ್ದ ಸೋವಿಯತ್ ಕಾಲದ ಕಂಚಿನ ಸೈನಿಕನ ಪ್ರತಿಮೆಯನ್ನು ಸೇನಾ ಸ್ಮಶಾನಕ್ಕೆ ಸಾಗಿಸಿದ್ದೇ ನೆಪ. ಏಪ್ರಿಲ್ 27ರಿಂದ ಸುಮಾರು ಮೂರು ವಾರ ಸಂಸತ್ತು, ಸಚಿವಾಲಯ, ಬ್ಯಾಂಕು, ಪತ್ರಿಕೆಗಳ ತಾಣಗಳ ಮೇಲೆ ಹುಸಿ ಕೋರಿಕೆಗಳ ಪ್ರವಾಹವೇ ಹರಿಯಿತು. ವಿದೇಶದಿಂದ ಬರುವ ಸಂಪರ್ಕವನ್ನೇ ಕಡಿದು ಬ್ಯಾಂಕುಗಳು ಒಳಗಿನ ಗ್ರಾಹಕರಿಗೆ ಸೇವೆ ಉಳಿಸಿಕೊಂಡವು. ಸೈಬರ್ ದಾಳಿಯನ್ನು ಸ್ಪಷ್ಟವಾದ ಸೇನಾ ಕೃತ್ಯವೆಂದು ನ್ಯಾಟೊ ಪರಿಗಣಿಸುತ್ತಿಲ್ಲ ಎಂದು ಅಂದಿನ ರಕ್ಷಣಾ ಸಚಿವ ಯಾಕ್ ಆವಿಕ್ಸೊ ಆಗಲೇ ಹೇಳಿದ್ದರು. ಕೊನೆಗೆ ನ್ಯಾಯಾಲಯ ಶಿಕ್ಷಿಸಿದ್ದು ಒಬ್ಬ ವಿದ್ಯಾರ್ಥಿಯನ್ನು, ದಂಡ 17,500 ಕ್ರೂನ್ (ಅಂದಿನ ಎಸ್ಟೋನಿಯಾ ನಾಣ್ಯ). ಮರುವರ್ಷವೇ ತಾಲಿನ್‌ನಲ್ಲಿ ಸೈಬರ್ ರಕ್ಷಣೆಯ ಕೇಂದ್ರವೊಂದು ಆರಂಭವಾಯಿತು. ಅಂತರರಾಷ್ಟ್ರೀಯ ಕಾನೂನು ಸೈಬರ್ ದಾಳಿಗೆ ಹೇಗೆ ಅನ್ವಯಿಸುತ್ತದೆ ಎಂದು ವಿವರಿಸುವ ತಾಲಿನ್ ಕೈಪಿಡಿ ಬಂದದ್ದು ಅಲ್ಲಿಂದಲೇ. ದಾಳಿಯ ಪ್ರಮಾಣ ಮತ್ತು ಪರಿಣಾಮವನ್ನು ತೂಗಿ ನೋಡಬೇಕೆಂದು ಅದು ಹೇಳುತ್ತದೆ. ತಕ್ಕಡಿ ಕೊಡುತ್ತದೆ, ಕಲ್ಲು ಕೊಡುವುದಿಲ್ಲ.

ಮತ್ತೆ ಅಲ್ಬೇನಿಯಾಕ್ಕೆ ಬರುತ್ತೇನೆ. ಅಲ್ಲಿ ನಡೆದದ್ದರ ತಾಂತ್ರಿಕ ವಿವರವನ್ನು ಅಮೆರಿಕದ ಎಫ್‌ಬಿಐ ಮತ್ತು ಸೈಬರ್ ಭದ್ರತೆ ನೋಡುವ ಸಿಸಾ ಸಂಸ್ಥೆಗಳು ಬಹಿರಂಗಪಡಿಸಿವೆ. ಇಷ್ಟು ವಿವರ ಹೊರಬಂದ ಪ್ರಕರಣಗಳು ಕಡಿಮೆ, ಆದ್ದರಿಂದ ಹಂತಹಂತವಾಗಿ ನೋಡುವುದು ಒಳ್ಳೆಯದು.

ದಾಳಿಕೋರರು ಒಳಗೆ ಬಂದದ್ದು ಜುಲೈನಲ್ಲಲ್ಲ, ಅದಕ್ಕೆ ಸುಮಾರು 14 ತಿಂಗಳ ಮೊದಲು. ದಾರಿಯಾದದ್ದು ಇಂಟರ್‌ನೆಟ್ಟಿಗೆ ತೆರೆದಿದ್ದ, ಕಚೇರಿ ಕಡತ ಹಂಚಿಕೊಳ್ಳುವ ಒಂದು ಶೇರ್‌ಪಾಯಿಂಟ್ ಸರ್ವರ್, ಅದರಲ್ಲಿದ್ದ ಸಿವಿಇ-2019-0604 ಎಂಬ ಕ್ರಮಸಂಖ್ಯೆಯ ದೋಷ. ಹೆಸರಲ್ಲೇ ವರ್ಷವಿದೆ. ಮೈಕ್ರೊಸಾಫ್ಟ್ ಪ್ಯಾಚ್ ಕೊಟ್ಟು ಆಗಲೇ ಎರಡು ವರ್ಷ ದಾಟಿತ್ತು. ಒಳಹೊಕ್ಕವರು ಮುಂದಿನ ಕೆಲವು ವಾರಗಳಲ್ಲಿ ವೆಬ್‌ಶೆಲ್‌ಗಳನ್ನು, ಅಂದರೆ ಬ್ರೌಸರಿನಿಂದಲೇ ಸರ್ವರಿಗೆ ಆದೇಶ ಕೊಡಬಲ್ಲ ಸಣ್ಣ ಪುಟಗಳನ್ನು, ನೆಟ್ಟು ಕಾಲೂರಿದರು. ಆಮೇಲೆ ರಿಮೋಟ್ ಡೆಸ್ಕ್‌ಟಾಪ್ ಮೂಲಕ ಒಂದು ಯಂತ್ರದಿಂದ ಇನ್ನೊಂದಕ್ಕೆ ಸರಿದರು. ನಂತರದ ತಿಂಗಳುಗಳಲ್ಲಿ ಎಕ್ಸ್‌ಚೇಂಜ್ ಮೇಲ್ ಸರ್ವರಿನ ಖಾತೆಯೊಂದು ಅವರ ಕೈಗೆ ಸಿಕ್ಕಿತು. ಅದರಿಂದ ಹೊಸ ಖಾತೆ ತೆರೆದು, ಇಡೀ ಸಂಸ್ಥೆಯ ಮೇಲ್ ವ್ಯವಸ್ಥೆಯನ್ನು ನಿಭಾಯಿಸುವ ಗುಂಪಿಗೆ ಅದನ್ನು ಸೇರಿಸಿದರು. ಬಳಿಕ ಗಿಗಾಬೈಟುಗಟ್ಟಲೆ ಮೇಲ್ ಹೊರಗೆ ಹರಿಯಿತು. ಕೊನೆಯ ಎರಡು ತಿಂಗಳಲ್ಲಿ ಕದ್ದ ಖಾತೆಗಳಿಂದ ವಿಪಿಎನ್ (ಹೊರಗಿನಿಂದ ಕಚೇರಿ ಜಾಲಕ್ಕೆ ಬರುವ ಗುಪ್ತ ಸಂಪರ್ಕ) ಮೂಲಕ ಬಂದು, ಯಂತ್ರದ ಮೆಮೊರಿಯಿಂದ ಪಾಸ್‌ವರ್ಡ್ ಕೀಳುವ ಮಿಮಿಕ್ಯಾಟ್ಜ್ ಎಂಬ ಸಾಧನವನ್ನು ಓಡಿಸಿದರು. ರ್‍ಯಾನ್ಸಮ್‌ವೇರ್ (ಕಡತಗಳಿಗೆ ಬೀಗ ಹಾಕುವ ತಂತ್ರಾಂಶ) ಬಂದದ್ದು ಇಷ್ಟೆಲ್ಲ ಆದ ಮೇಲೆ. ಸಿಬ್ಬಂದಿ ಅದನ್ನು ಗುರುತಿಸಿ ತಡೆಯಲು ಶುರು ಮಾಡಿದಾಗ ಡಿಸ್ಕ್ ಅಳಿಸುವ ವೈಪರನ್ನು ಬಿಟ್ಟರು.

ಈ ಕೊನೆಯ ಸಂಗತಿಯನ್ನು ಗಮನಿಸಬೇಕು. ಇಂಥವರನ್ನು ಒಂದು ಯಂತ್ರದಿಂದ ಓಡಿಸಿದರೆ ಸಾಲದು. ಅವರ ಕೈಯಲ್ಲಿರುವ ಎಲ್ಲ ಖಾತೆ, ಎಲ್ಲ ವೆಬ್‌ಶೆಲ್ ಯಾವುವೆಂದು ಮೊದಲು ಸದ್ದಿಲ್ಲದೆ ಪಟ್ಟಿ ಮಾಡಿ, ಬ್ಯಾಕಪ್ಪನ್ನು ಜಾಲದಿಂದ ಬೇರ್ಪಡಿಸಿ, ಆಮೇಲೆ ಎಲ್ಲವನ್ನೂ ಒಂದೇ ಏಟಿಗೆ ಕಡಿಯಬೇಕು. ಅರ್ಧ ಕಡಿದರೆ ಉಳಿದರ್ಧದಿಂದ ಅಳಿಸಿ ಹೋಗುತ್ತಾರೆ. ಅಲ್ಬೇನಿಯಾದ ಪುಣ್ಯ, ವೈಪರ್ ನಾಶ ಮಾಡಿದ್ದು ಒಟ್ಟು ವ್ಯವಸ್ಥೆಯ ಶೇ 10ಕ್ಕಿಂತ ಕಡಿಮೆ ಎಂದು ಮೈಕ್ರೊಸಾಫ್ಟ್ ತನಿಖೆ ಹೇಳಿತು.

14 ತಿಂಗಳು ಒಬ್ಬ ಮಿತ್ರರಾಷ್ಟ್ರದ ಜಾಲದಲ್ಲಿ ಪರಕೀಯರು ಓಡಾಡಿಕೊಂಡಿದ್ದರೂ ಮೈತ್ರಿಕೂಟಕ್ಕೆ ಸುಳಿವಿರಲಿಲ್ಲ. ಏಕೆಂದರೆ ನ್ಯಾಟೊ ಕಾಯುವುದು ತನ್ನದೇ ಜಾಲಗಳನ್ನು. ಸದಸ್ಯರ ಜಾಲ ಸದಸ್ಯರ ಹೊಣೆ, ಒಪ್ಪಂದದ 3ನೇ ವಿಧಿ ಹೇಳುವುದೂ ಅದನ್ನೇ: ಮೊದಲು ನಿನ್ನ ಮನೆಯನ್ನು ನೀನು ಗಟ್ಟಿ ಮಾಡಿಕೋ. 5ನೇ ವಿಧಿಯ ಬಗ್ಗೆ ಪುಟಗಟ್ಟಲೆ ಬರೆಯುವವರು 3ನೇ ವಿಧಿಯನ್ನು ಓದಿರುತ್ತಾರೋ ಇಲ್ಲವೋ ಎಂದು ಅನುಮಾನ ಬರುವಷ್ಟು ಅದು ಮೂಲೆಗೆ ಬಿದ್ದಿದೆ.

ಇನ್ನು ದಾಳಿ ಮಾಡಿದ್ದು ಯಾರು ಎಂದು ಹೇಳುವ ಕೆಲಸ. ಇದನ್ನು ನ್ಯಾಟೊ ಮಾಡುವುದಿಲ್ಲ, ಪ್ರತಿ ದೇಶ ತಾನೇ ನಿರ್ಧರಿಸುತ್ತದೆ. ಕೂಟದ ಹೆಸರಲ್ಲಿ ಒಂದು ಮಾತು ಹೊರಬೀಳಲು ಎಲ್ಲ ಸದಸ್ಯರ ಒಮ್ಮತ ಬೇಕು, ಈಗ 32 ದೇಶಗಳು. ಗುಪ್ತಚರ ಪುರಾವೆಯನ್ನು ಅಷ್ಟೂ ಜನರ ಮುಂದಿಟ್ಟರೆ ಅದು ಸಿಕ್ಕಿದ ದಾರಿಯೇ ಬಯಲಾದೀತೆಂಬ ಭಯ, ಇಡದಿದ್ದರೆ ನಂಬುವುದು ಹೇಗೆಂಬ ಪ್ರಶ್ನೆ. ಹಾಗಾಗಿ ಮೊದಲು ಎರಡು ಮೂರು ದೇಶಗಳು ತಂತಮ್ಮ ಹೆಸರಲ್ಲಿ ಹೇಳಿಕೆ ಕೊಡುತ್ತವೆ, ಉಳಿದವರು ದನಿಗೂಡಿಸುತ್ತಾರೆ. ಉಕ್ರೇನಿನಿಂದ ಹಲವು ದೇಶಗಳಿಗೆ ಹರಡಿ ಕಂಪ್ಯೂಟರುಗಳನ್ನು ಕೆಡಿಸಿದ, 2017ರ ಜೂನ್ 27ರ ನಾಟ್‌ಪೆಟ್ಯಾ ದಾಳಿಗೆ ಬ್ರಿಟನ್, ಅಮೆರಿಕಗಳು ರಷ್ಯಾದ ಸೇನೆಯನ್ನು ಹೆಸರಿಸಿದ್ದು 233 ದಿನಗಳ ಬಳಿಕ. 2022ರ ಫೆಬ್ರುವರಿ 24ರಂದು, ರಷ್ಯಾ ಉಕ್ರೇನಿಗೆ ನುಗ್ಗುವುದಕ್ಕೆ ಸುಮಾರು ಒಂದು ಗಂಟೆ ಮೊದಲು, ವಯಾಸ್ಯಾಟ್ ಉಪಗ್ರಹ ಜಾಲದ ಸಾವಿರಾರು ಮೋಡೆಮ್‌ಗಳು ಸತ್ತವು. ಜರ್ಮನಿಯಲ್ಲಿ 5,800 ಗಾಳಿಯಂತ್ರಗಳ ದೂರನಿಯಂತ್ರಣವೂ ಅದರೊಂದಿಗೆ ತಪ್ಪಿಹೋಯಿತು. ಅಲ್ಲಿ ಜಂಟಿ ಆರೋಪಕ್ಕೆ ಹಿಡಿದದ್ದು 75 ದಿನ. ಅಲ್ಬೇನಿಯಾ ಇರಾನನ್ನು ಹೆಸರಿಸಿದ್ದು 54ನೇ ದಿನಕ್ಕೆ. ಅವಧಿ ಇಳಿಯುತ್ತಿದೆ, ಒಳ್ಳೆಯದೇ. ಆದರೂ 54 ದಿನಗಳ ಬಳಿಕ ಆತ್ಮರಕ್ಷಣೆ ಎಂದು ಕ್ಷಿಪಣಿ ಬಿಡಲು ಯಾರೂ ಮುಂದೆ ಬರುವುದಿಲ್ಲ. 5ನೇ ವಿಧಿ ಸೈಬರ್ ದಾಳಿಗೆ ಸಲೀಸಾಗಿ ಹೊಂದದಿರಲು ಇದೂ ಒಂದು ಕಾರಣ.

ಸೆಪ್ಟೆಂಬರ್ 7ರಂದು ಅಲ್ಬೇನಿಯಾ ಇರಾನಿನ ಜೊತೆ ರಾಜತಾಂತ್ರಿಕ ಸಂಬಂಧ ಕಡಿದುಕೊಂಡಿತು. ರಾಯಭಾರ ಕಚೇರಿಯವರಿಗೆ ಕೊಟ್ಟದ್ದು 24 ಗಂಟೆ. ಮರುದಿನ ನ್ಯಾಟೊ ಬೆಂಬಲದ ಹೇಳಿಕೆ ಹೊರಡಿಸಿತು. 9ರಂದು ಅಮೆರಿಕ ಇರಾನಿನ ಗುಪ್ತಚರ ಸಚಿವಾಲಯದ ಮೇಲೆ ನಿರ್ಬಂಧ ಹೇರಿತು. ದಂಡಿಸಿ ಹೆದರಿಸುವ ಪಾಠದಲ್ಲಿ ಇರಬೇಕಾದದ್ದೆಲ್ಲ ಮೂರು ದಿನದಲ್ಲಿ ಆಯಿತು. ಅದೇ 9ರಂದು ಅಲ್ಬೇನಿಯಾದ ಗಡಿ ಪೊಲೀಸರು ಪ್ರಯಾಣಿಕರ ವಿವರ ಇಡುವ ಟಿಮ್ಸ್ ವ್ಯವಸ್ಥೆಯ ಮೇಲೆ ಎರಡನೇ ದಾಳಿ ಬಿತ್ತು. ಹೆಸರು ಹೇಳಿದ್ದಕ್ಕೇ ಸೇಡು ಎಂದು ಅಮೆರಿಕದ ಸಂಸ್ಥೆಗಳು ಅಂದಾಜಿಸಿದವು.

ಹಾಗಾದರೆ ದಂಡನೆ ವ್ಯರ್ಥವೇ? ಪೂರ್ತಿ ವ್ಯರ್ಥ ಎನ್ನಲಾರೆ. ಆದರೆ ಒಳಗೆ ಕಾಲೂರಿ ಕೂತವನನ್ನು ಹೊರಗಿನ ಖಂಡನೆ ಅಲುಗಿಸುವುದಿಲ್ಲ. ಅದಕ್ಕೆ ಬೇಕಾದದ್ದು ಜಾಲ ಜಾಲಾಡುವವರು. ಅಮೆರಿಕದ ಸೈಬರ್ ಕಮಾಂಡ್ 2018ರಿಂದ ಮಿತ್ರದೇಶಗಳಿಗೆ ಇಂಥ ತಂಡಗಳನ್ನು ಕಳಿಸುತ್ತಿದೆ. ಮಾಂಟೆನೆಗ್ರೊ, ಎಸ್ಟೋನಿಯಾ, ಲಿಥುವೇನಿಯಾ, ಯುದ್ಧಕ್ಕೆ ಮುಂಚಿನ ಉಕ್ರೇನ್, ಆಮೇಲೆ ಅಲ್ಬೇನಿಯಾ. ಆತಿಥೇಯ ದೇಶ ಕರೆದರೆ ಮಾತ್ರ ಹೋಗುತ್ತಾರೆ. ಯಾವ ಜಾಲ ನೋಡಬಹುದು, ಏನನ್ನು ಹೊರಗೆ ಒಯ್ಯಬಹುದು ಎಂಬುದು ಮೊದಲೇ ಲಿಖಿತವಾಗಿರಬೇಕು. ಸಿಕ್ಕ ದುರುದ್ದೇಶದ ತಂತ್ರಾಂಶದ ಮಾದರಿಗಳಲ್ಲಿ ಕೆಲವನ್ನು ಸಾರ್ವಜನಿಕವಾಗಿಯೂ ಹಂಚುತ್ತಾರೆ. ತಿಂಗಳುಗಟ್ಟಲೆ ದುಡಿದು ಮಾಡಿದ ಆಯುಧ ಆ ದಿನವೇ ಎಲ್ಲ ಆ್ಯಂಟಿವೈರಸ್‌ಗಳಿಗೂ ಗೊತ್ತಾಗಿಬಿಡುತ್ತದೆ. ದಾಳಿಕೋರನಿಗೆ ಖರ್ಚು ಬೀಳುವುದೆಂದರೆ ಇದು. ನಿರ್ಬಂಧ ಹೇರುವುದಕ್ಕಿಂತ ಇದರಿಂದ ಹೆಚ್ಚು ನೋವಾಗುತ್ತದೆ ಎಂಬುದು ನನ್ನ ಲೆಕ್ಕ.

ಮಾಹಿತಿ ಹಂಚಿಕೆಯಲ್ಲೂ ಎಡವುವ ಜಾಗಗಳಿವೆ. ಬೆಲ್ಜಿಯಂ ಸೇನೆಯಲ್ಲಿ ಹುಟ್ಟಿ ನ್ಯಾಟೊ ಕೈಹಿಡಿದು ಬೆಳೆದ ಮಿಸ್ಪ್ ಎಂಬ ಮುಕ್ತ ತಂತ್ರಾಂಶದಲ್ಲಿ ಸಂಶಯದ ಐಪಿ ವಿಳಾಸ, ಡೊಮೈನ್, ಕಡತಗಳ ಹ್ಯಾಶ್ (ಕಡತದ ಬೆರಳಚ್ಚಿನಂಥ ಸಂಖ್ಯೆ) ಇವೆಲ್ಲ ದೇಶದಿಂದ ದೇಶಕ್ಕೆ ಹೋಗುತ್ತವೆ. ತಂತ್ರಾಂಶವನ್ನು ಒಂದಿಷ್ಟು ಬದಲಿಸಿ ಕಟ್ಟಿದರೆ ಹ್ಯಾಶ್ ಬದಲಾಗುತ್ತದೆ, ಐಪಿ ವಾರ ಕಳೆಯುವುದರೊಳಗೆ ಇನ್ನೊಬ್ಬರದಾಗಿರಬಹುದು. ಹಳೆಯ ಪಟ್ಟಿಯನ್ನು ಕಣ್ಣುಮುಚ್ಚಿ ಜಾಲದ ಕಾವಲುಗಾರನಾದ ಫೈರ್‌ವಾಲ್‌ಗೆ ಸುರಿದರೆ ನಿರಪರಾಧಿ ತಾಣಗಳು ಮುಚ್ಚುತ್ತವೆ, ಕಳ್ಳ ಪಕ್ಕದ ಬಾಗಿಲಿಂದ ಬರುತ್ತಾನೆ. ಬಾಳಿಕೆ ಬರುವ ಮಾಹಿತಿ ಎಂದರೆ ನಡವಳಿಕೆಯದು: ಮೇಲ್ ಸರ್ವರಿನ ಆಡಳಿತ ಗುಂಪಿಗೆ ಹೊಸ ಖಾತೆ ಸೇರಿದರೆ ಎಚ್ಚರಿಸು, ವೆಬ್ ಸರ್ವರಿನ ಪ್ರಕ್ರಿಯೆ ಯಂತ್ರಕ್ಕೆ ನೇರ ಆದೇಶ ಕೊಡುವ ಕಮಾಂಡ್ ಪ್ರಾಂಪ್ಟ್ ತೆರೆದರೆ ಎಚ್ಚರಿಸು. ಈ ಎರಡೇ ಎಚ್ಚರಿಕೆಗಳಿದ್ದು, ಅವನ್ನು ನೋಡುವವರೊಬ್ಬರು ಇದ್ದಿದ್ದರೆ ಅಲ್ಬೇನಿಯಾದಲ್ಲಿ ಮೊದಲ ತಿಂಗಳುಗಳಲ್ಲೇ ಗಂಟೆ ಬಾರಿಸುವ ಸಾಧ್ಯತೆಯಿತ್ತು.

ತಿರುಗಿ ಹೊಡೆಯುವ ವಿಚಾರವನ್ನು ಚುಟುಕಾಗಿ ಮುಗಿಸುತ್ತೇನೆ, ಬಹುಪಾಲು ಗುಟ್ಟಿನದೇ ಆದ್ದರಿಂದ. ನ್ಯಾಟೊ ಬಳಿ ತನ್ನದೇ ಸೈಬರ್ ಆಯುಧಗಳಿಲ್ಲ. ಸದಸ್ಯ ದೇಶ ಸ್ವಇಚ್ಛೆಯಿಂದ ಪರಿಣಾಮವನ್ನಷ್ಟೇ ಒದಗಿಸುತ್ತದೆ. ಇಂಥ ರಾಡಾರ್ ಇಷ್ಟು ಹೊತ್ತು ಕುರುಡಾಗಬೇಕು ಎಂದು ಕಮಾಂಡರ್ ಕೇಳಬಹುದು, ಹೇಗೆ ಮಾಡಿದಿರಿ ಎಂದು ಕೇಳುವಂತಿಲ್ಲ. ಒಂದು ದೇಶ ಉರುಳಿಸಲು ಹೊರಟ ಸರ್ವರಿನಲ್ಲೇ ಇನ್ನೊಂದು ಮಿತ್ರದೇಶ ವರ್ಷಗಳಿಂದ ಕಿವಿಯಿಟ್ಟು ಕೂತಿದ್ದರೆ ಅದರ ಕೆಲಸವೂ ಕೆಡುತ್ತದೆ.

'ಯುದ್ಧ' ಎಂಬ ಪದವನ್ನು ಸರ್ಕಾರಗಳು ಬಾಯಿಗೆ ತಂದುಕೊಳ್ಳದಿದ್ದರೂ ವಿಮಾ ಕಂಪನಿಗಳು ತಂದುಕೊಂಡವು ಎಂಬುದೊಂದು ತಮಾಷೆ. ನಾಟ್‌ಪೆಟ್ಯಾದಿಂದ ಔಷಧ ಕಂಪನಿ ಮರ್ಕ್ ಕೇಳಿದ ಪರಿಹಾರ ಸುಮಾರು 140 ಕೋಟಿ ಡಾಲರ್. ಇದು ಯುದ್ಧಕೃತ್ಯ, ನಮ್ಮ ಪಾಲಿಸಿಗೆ ಬರುವುದಿಲ್ಲ ಎಂದು ವಿಮೆಯವರು ವಾದಿಸಿದರು. ನ್ಯೂಜೆರ್ಸಿಯ ಮೇಲ್ಮನವಿ ನ್ಯಾಯಾಲಯ 2023ರ ಮೇ ತಿಂಗಳಲ್ಲಿ ಆ ವಾದವನ್ನು ತಳ್ಳಿಹಾಕಿತು. ಅಷ್ಟರೊಳಗೆ ಲಂಡನ್ನಿನ ವಿಮಾ ಮಾರುಕಟ್ಟೆ ಲಾಯ್ಡ್ಸ್, ಪ್ರಭುತ್ವದ ಬೆಂಬಲವಿರುವ ಸೈಬರ್ ದಾಳಿಗಳನ್ನು ಪಾಲಿಸಿಯಿಂದ ಹೊರಗಿಡಲು ನಿಯಮ ಮಾಡಿಯಾಗಿತ್ತು. ಅಂದರೆ ಮಿತ್ರರಾಷ್ಟ್ರಗಳು ಕೂಡಿ ದಾಳಿಕೋರ ದೇಶವನ್ನು ಹೆಸರಿಸಿದಾಗ, ನೊಂದ ಕಂಪನಿಗೆ ವಿಮೆ ಸಿಗುವುದು ಇನ್ನಷ್ಟು ಕಷ್ಟವಾಗಬಹುದು.

ಭಾರತ ಇಂಥ ಯಾವ ಸೇನಾ ಮೈತ್ರಿಕೂಟದಲ್ಲೂ ಇಲ್ಲ. ಆದರೂ ಉಕ್ರೇನನ್ನು ಗುರಿಯಾಗಿಸಿದ್ದ ನಾಟ್‌ಪೆಟ್ಯಾ ಮುಂಬೈ ಬಳಿಯ ಜವಾಹರಲಾಲ್ ನೆಹರೂ ಬಂದರಿನ ಒಂದು ಟರ್ಮಿನಲ್ಲನ್ನು ನಿಲ್ಲಿಸಿತ್ತು, ಅದು ದಾಳಿಗೆ ಸಿಕ್ಕ ಹಡಗು ಕಂಪನಿ ಮೆರ್ಸ್ಕ್ ಸಮೂಹದ್ದಾಗಿದ್ದರಿಂದ. 2022ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ ಹೊರಡಿಸಿದ ನಿರ್ದೇಶನದಂತೆ ಇಲ್ಲಿನ ಸಂಸ್ಥೆಗಳು ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು, ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕು. ಅಲ್ಬೇನಿಯಾದ ಕಳ್ಳರು ಒಳಗಿದ್ದದ್ದು 400ಕ್ಕೂ ಹೆಚ್ಚು ದಿನ. 180 ದಿನದ ಲಾಗ್ ಇಟ್ಟುಕೊಂಡವರಿಗೆ ಅವರು ಯಾವ ಬಾಗಿಲಿಂದ ಬಂದರೆಂದು ಕಾಣುವುದಿಲ್ಲ, ಕಾಣದ ಬಾಗಿಲು ಮುಚ್ಚಲಾಗುವುದಿಲ್ಲ. ಇಂಟರ್‌ನೆಟ್ಟಿಗೆ ತೆರೆದ ಸರ್ವರ್, ವಿಪಿಎನ್, ಮೇಲ್ ಆಡಳಿತ ಈ ಮೂರರ ಲಾಗ್‌ಗಳನ್ನಾದರೂ 18 ತಿಂಗಳು, ಮೂಲ ಯಂತ್ರದಿಂದ ಅಳಿಸಲಾಗದಂಥ ಬೇರೆ ಜಾಗದಲ್ಲಿ ಇಡುವುದು ಒಳ್ಳೆಯದು. ಸಂಕುಚಿಸಿ ಇಟ್ಟರೆ ಅಂಥ ದೊಡ್ಡ ಖರ್ಚೇನೂ ಬರುವುದಿಲ್ಲ.