ಸಣ್ಣ ತೂತೋ, ಹೊಟ್ಟೆ ಬಿಚ್ಚೋದೋ

ಮದುವೆ ಊಟದಲ್ಲಿ ಮಜ್ಜಿಗೆ ಜಾಸ್ತಿಯೇ ಕುಡಿದು, "ಮನೇಲೇ ಹೋದ್ರಾಯ್ತು" ಅಂತ ಒಂದಕ್ಕೂ ಹೋಗದೆ ಬೈಕ್ ಹತ್ತಿದ್ದರು ನಮ್ಮ ಭಾವ. ಕತ್ತಲಲ್ಲಿ ಹಂಪ್ ಕಾಣಲಿಲ್ಲ, ಹ್ಯಾಂಡಲ್ ಕಿಬ್ಬೊಟ್ಟೆಗೆ ಗುದ್ದಿತು. ಮೈಮೇಲೆ ಒಂದು ತರಚು ಗಾಯವೂ ಇಲ್ಲ. ಆದರೆ ರಾತ್ರಿಯೆಲ್ಲ ಹೊಟ್ಟೆ ನೋವು, ಒಂದಕ್ಕೆ ಅವಸರ, ಹೋದರೆ ನಾಲ್ಕು ಹನಿ ರಕ್ತ ಅಷ್ಟೇ.

ಬೆಳಿಗ್ಗೆ ಆಸ್ಪತ್ರೆಯಲ್ಲಿ ಮೂತ್ರದ ದಾರಿಗೆ ಪೈಪ್ ಹಾಕಿ, ಅದರಲ್ಲೇ ಸ್ಕ್ಯಾನ್‌ನಲ್ಲಿ ಕಾಣುವ ಡೈ ಸುಮಾರು 300 ಎಂಎಲ್ ಬಿಟ್ಟು ಸಿಟಿ ಸ್ಕ್ಯಾನ್ ಮಾಡಿದರು. ಡೈ ಮೂತ್ರಕೋಶದಲ್ಲಿ ನಿಲ್ಲದೆ ಕರುಳಿನ ಸುತ್ತ ಹರಡಿತ್ತು. ಮೂತ್ರಕೋಶದ ನೆತ್ತಿ, ಅಂದ್ರೆ ಮೇಲ್ಭಾಗ, ಒಡೆದಿದೆ ಅಂದರು. ಖಾಲಿಯಿದ್ದರೆ ಮೂತ್ರಕೋಶ ಸೊಂಟದ ಮೂಳೆಯ ಹಿಂದೆ ಅಡಗಿ ಕೂತಿರುತ್ತದೆ, ತುಂಬಿದಾಗ ಬಲೂನಿನ ಹಾಗೆ ಮೇಲೇಳುತ್ತದೆ, ಆಗ ಪೆಟ್ಟು ಬಿದ್ದರೆ ಒಡೆಯೋದು ಸಾಮಾನ್ಯವಾಗಿ ಅದರ ನೆತ್ತಿಯೇ. ರಕ್ತದಲ್ಲಿ ಕ್ರಿಯೇಟಿನಿನ್, ಅಂದ್ರೆ ಕಿಡ್ನಿ ಮೂತ್ರದಲ್ಲಿ ಹೊರಹಾಕುವ ಕಸ, ಏರಿದ್ದು ನೋಡಿ ಅಕ್ಕ "ಕಿಡ್ನಿನೂ ಹೋಯ್ತು" ಅಂತ ಅತ್ತೇಬಿಟ್ಟಳು. ಕಿಡ್ನಿ ಸರಿಯಾಗೇ ಇತ್ತು. ಹೊಟ್ಟೆಯೊಳಗೆ ಸುರಿದ ಮೂತ್ರ ವಾಪಸ್ ರಕ್ತಕ್ಕೆ ಸೇರುತ್ತಿತ್ತು, ಅದಕ್ಕೆ.

ಕಾರಿಡಾರಿನಲ್ಲಿ ಚರ್ಚೆ ಶುರು. ದೊಡ್ಡಪ್ಪನಿಗೆ ಹೊಟ್ಟೆ ಬಿಚ್ಚಿ ಕಣ್ಣಾರೆ ನೋಡಿಯೇ ಹೊಲಿಯಬೇಕು, ತಮ್ಮನಿಗೆ ಸಣ್ಣ ತೂತುಗಳಲ್ಲಿ ಕ್ಯಾಮೆರಾ ಬಿಟ್ಟು ಮಾಡುವ ಲ್ಯಾಪ್ರೊಸ್ಕೋಪಿ ಬಿಟ್ಟರೆ ಬೇರೆ ಮಾತಿಲ್ಲ. ಸರ್ಜನ್ ನಕ್ಕರು. ಒಳಗೆ ಹಾಕುವ ಹೊಲಿಗೆ ಎರಡರಲ್ಲೂ ಅದೇ ಅಂತೆ: ಕರಗುವ ದಾರ, ಹೆಚ್ಚಾಗಿ ಎರಡು ಪದರ, ಆಮೇಲೆ ನೀರು ತುಂಬಿಸಿ ಸೋರುತ್ತಾ ಅಂತ ನೋಡೋದು. ಭಾವನ ಬಿಪಿ ಸರಿಯಿತ್ತು, ಬೇರೆಲ್ಲೂ ಪೆಟ್ಟಿರಲಿಲ್ಲ, ಹಾಗಾಗಿ ಲ್ಯಾಪ್ರೊಸ್ಕೋಪಿ. ಬಿಪಿ ಇಳಿಯುತ್ತಿದ್ದರೆ, ಇನ್ನೆಲ್ಲೋ ರಕ್ತ ಸೋರುತ್ತಿದ್ದರೆ, ಹೊಟ್ಟೆಗೆ ಗ್ಯಾಸ್ ತುಂಬಿಸಿಕೊಂಡು ಕ್ಯಾಮೆರಾದಲ್ಲಿ ಹುಡುಕುತ್ತಾ ಕೂರೋಕಾಗಲ್ಲ, ಬಿಚ್ಚಿ ಕೈ ಹಾಕಲೇಬೇಕು. ಮುರಿದ ಮೂಳೆ ಮೂತ್ರಕೋಶಕ್ಕೆ ಚುಚ್ಚಿಕೊಂಡಿದ್ದರೆ, ಅದರ ಕುತ್ತಿಗೆ, ಅಂದ್ರೆ ಮೂತ್ರ ಹೊರಗೆ ಹೋಗುವ ಕೆಳಗಿನ ಭಾಗ, ಹರಿದಿದ್ದರೆ, ಆಗಲೂ ಸಾಮಾನ್ಯವಾಗಿ ಓಪನ್ನೇ.

ತಮಾಷೆ ಅಂದ್ರೆ ಪಕ್ಕದ ಬೆಡ್‌ನವರದು. ಲಾರಿ ಗುದ್ದಿ ಸೊಂಟದ ಮೂಳೆ ಮುರಿದಿತ್ತು, ಮೂತ್ರಕೋಶವೂ ಹರಿದಿತ್ತು, ಆದರೆ ಸೋರಿದ್ದು ಕರುಳಿರುವ ಕಡೆಗಲ್ಲ, ಹೊಟ್ಟೆಯ ಪೊರೆಯ ಹೊರಗೆ. ಅವರ ಮೂತ್ರಕೋಶಕ್ಕೆ ಆಪರೇಷನ್ನೇ ಇಲ್ಲ! ಎರಡು ಮೂರು ವಾರ ಪೈಪ್ ಇದ್ದರೆ ತಾನೇ ಕೂಡಿಕೊಳ್ಳುತ್ತೆ ಅಂದರು. ನಮ್ಮಮ್ಮ ಕೊನೆವರೆಗೂ ಇದನ್ನ ನಂಬಲಿಲ್ಲ.

ಭಾವನಿಗೆ ಮೂರು ಸಣ್ಣ ಗಾಯ, ಮಾರನೇ ದಿನವೇ ಓಡಾಡಿದರು, ನೋವಿನ ಮಾತ್ರೆಯೂ ಕಡಿಮೆ. ಅಷ್ಟು ಲಾಭ ನಿಜ. ಆದರೆ ಪೈಪ್ ಮಾತ್ರ ಎರಡು ವಾರ ಇತ್ತು, ಓಪನ್ ಮಾಡಿದ್ದರೂ ಅಷ್ಟೇ ಇರುತ್ತಿತ್ತು, ಅದನ್ನ ಯಾರೂ ಮೊದಲೇ ಹೇಳಲ್ಲ ನೋಡಿ. ನನ್ನ ಕೇಳಿದರೆ, ಹತ್ತಿರದಲ್ಲಿರುವ ಸರ್ಜನ್‌ಗೆ ಓಪನ್ನೇ ಚೆನ್ನಾಗಿ ಬರುತ್ತೆ ಅಂದ್ರೆ ಅದನ್ನೇ ಮಾಡಿಸಿ. ಹೊಟ್ಟೆಯೊಳಗೆ ಮೂತ್ರ ಇಟ್ಟುಕೊಂಡು ಸಣ್ಣ ಗಾಯಕ್ಕಾಗಿ ಊರೂರು ಸುತ್ತೋದು ಯಾಕೆ?

ಮತ್ತೊಮ್ಮೆ ಡೈ ಬಿಟ್ಟು, ಸೋರಿಕೆ ಇಲ್ಲ ಅಂತ ನೋಡಿಯೇ ಪೈಪ್ ತೆಗೆದರು. ಈಗ ಭಾವ ಪೆಟ್ರೋಲ್ ಬಂಕ್ ಕಂಡಲ್ಲೆಲ್ಲ ಬೈಕ್ ನಿಲ್ಲಿಸುತ್ತಾರೆ, ಟ್ಯಾಂಕ್ ಫುಲ್ ಇದ್ದರೂ.